ನಾನು ಹೇಳಿಕೊಂಡು ಬಂದ ಕಾರಣ

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಎಂ.ಎ. ಪ್ರವೇಶ ಪರೀಕ್ಷೆಯಲ್ಲಿ ನಾನು ಡುಮ್ಕಿ ಹೊಡೆದದ್ದು 2013ರಲ್ಲಿ. ಆಮೇಲೆ ಬಹಳ ವರ್ಷ, ಕೇಳಿದವರಿಗೂ ಕೇಳದವರಿಗೂ, ‘ಕನ್ನಡ ಮೀಡಿಯಂನವರನ್ನು ಅಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಎಲ್ಲಾ ಇಂಗ್ಲಿಷಿನ ಆಟ’ ಎಂದು ಹೇಳಿಕೊಂಡು ಬಂದೆ. ಮನೆಯಲ್ಲಿ ಹೇಳಿದೆ, ಸೊಸೈಟಿ ಕಟ್ಟೆಯಲ್ಲಿ ಹೇಳಿದೆ, ಒಂದು ರಾಜ್ಯೋತ್ಸವದ ವೇದಿಕೆಯಲ್ಲಿ ಮೈಕು ಹಿಡಿದು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ಸೋತವ ಎಂಬ ಮಾತು ಅಳಿಸಿ ಅನ್ಯಾಯಕ್ಕೊಳಗಾದವ ಎಂಬ ಹೆಸರು ಬರುವುದಾದರೆ ಯಾರಿಗೆ ಬೇಡ? ಪರೀಕ್ಷೆ ಪಾಸಾಗಿದ್ದರೂ ನಮ್ಮೂರಿನಲ್ಲಿ ನನಗೆ ಅಷ್ಟು ಮರ್ಯಾದೆ ಸಿಗುತ್ತಿರಲಿಲ್ಲವೇನೋ.

ಆ ಕಾರಣ ಸುಳ್ಳಾಗಿತ್ತು. ಕನ್ನಡದಲ್ಲಿ ಓದಿದವರಿಗೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ತೊಡಕಾಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆಗುತ್ತದೆ, ನನ್ನ ತರಗತಿಯಲ್ಲೇ ದಿನವೂ ನೋಡುತ್ತೇನೆ. ಆದರೆ ನನ್ನ ಸೋಲು ಅದರಿಂದಾದದ್ದಲ್ಲ. ಆ ಪ್ರಶ್ನೆಪತ್ರಿಕೆಯಲ್ಲಿದ್ದ ಇಂಗ್ಲಿಷನ್ನು ನಮ್ಮೂರ ಹೈಸ್ಕೂಲಿನ ಹುಡುಗನೂ ಓದಿಬಿಡುತ್ತಿದ್ದ. ನನಗೆ ಬಾರದೇ ಇದ್ದದ್ದು ಗಣಿತ. ಬಾರದೇ ಇದ್ದದ್ದು ಅನ್ನುವುದಕ್ಕಿಂತ, ಬೇಡವೆಂದು ನಾನೇ ಹೊರಗಿಟ್ಟದ್ದು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೇಗೋ ದಾಟಿತು. ಪಿಯುಸಿಗೆ ಸೇರುವಾಗ ಕೌಂಟರಿನಲ್ಲಿ ಕೇಳಿದ್ದು ಒಂದೇ ಮಾತು: ‘ಸೈನ್ಸೋ, ಕಾಮರ್ಸೋ, ಆರ್ಟ್ಸೋ?’ ಆರ್ಟ್ಸ್ ಅಂದೆ. ಎಚ್‌ಇಪಿಎಸ್ ಎಂದು ಬರೆದುಕೊಂಡರು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಇನ್ನು ಈ ಜನ್ಮದಲ್ಲಿ ಗಣಿತವಿಲ್ಲ ಎಂದು ಅಂದು ನೆಮ್ಮದಿಯಿಂದ ಮನೆಗೆ ಬಂದೆ. ಬಿ.ಎ.ಯಲ್ಲೂ ಎಚ್‌ಇಪಿ. ಅರ್ಥಶಾಸ್ತ್ರ ನನಗೆ ನಿಜಕ್ಕೂ ಹಿಡಿಸಿತು. ಬಡತನ, ಬೆಲೆಯೇರಿಕೆ, ಬಜೆಟ್ಟು, ಸಾಲಮನ್ನಾ ಎಂದರೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ, ಚರ್ಚಾಸ್ಪರ್ಧೆಗಳಲ್ಲಿ ಸ್ಟೀಲ್ ಲೋಟ ತರುತ್ತಿದ್ದೆ. ಪರೀಕ್ಷೆಯಲ್ಲೂ ಕಾಲೇಜಿಗೆ ಮೊದಲಿಗ. ಆಡಂ ಸ್ಮಿತ್ 1776, ಸಂಪತ್ತಿನ ವ್ಯಾಖ್ಯೆ. ಮಾರ್ಷಲ್ 1890, ಕಲ್ಯಾಣದ ವ್ಯಾಖ್ಯೆ. ರಾಬಿನ್ಸ್ 1932, ಕೊರತೆಯ ವ್ಯಾಖ್ಯೆ. ಒಂದೊಂದಕ್ಕೂ ಐದು ಲಕ್ಷಣ, ಐದು ಟೀಕೆ, ಕೊನೆಯಲ್ಲಿ ಉಪಸಂಹಾರ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮಕ್ಕೆ ಕಿತ್ತಳೆ ಹಣ್ಣಿನ ಕೋಷ್ಟಕ. ಔದಾಸೀನ್ಯ ರೇಖೆಗಳನ್ನು ಎಷ್ಟು ಚೆಂದ ಬಿಡಿಸುತ್ತಿದ್ದೆನೆಂದರೆ ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ಉಳಿದವರಿಗೆ ತೋರಿಸುತ್ತಿದ್ದರು. ಆ ರೇಖೆ ಯಾಕೆ ಹಾಗೇ ಬಾಗಬೇಕು ಎಂದು ನಾನು ಕೇಳಲಿಲ್ಲ, ನನ್ನನ್ನೂ ಯಾರೂ ಕೇಳಲಿಲ್ಲ.

ದೆಹಲಿ ಸ್ಕೂಲಿನ, ಅಂದರೆ ಡಿ-ಸ್ಕೂಲಿನ ಹುಚ್ಚು ಹತ್ತಿದ್ದು ಹೆಸರುಗಳಿಂದ. ಅಮರ್ತ್ಯ ಸೇನ್ 1963ರಿಂದ 1971ರವರೆಗೆ ಅಲ್ಲಿ ಪಾಠ ಮಾಡಿದ್ದರು. ಮನಮೋಹನ್ ಸಿಂಗ್ ಸರ್ಕಾರದ ಕೆಲಸಕ್ಕೆ ಹೋಗುವ ಮೊದಲು ಅಲ್ಲಿ ಪ್ರಾಧ್ಯಾಪಕರಾಗಿದ್ದರು. ನಾನು ಅರ್ಜಿ ಹಾಕುವಾಗ ಪ್ರಧಾನಿಯಾಗಿದ್ದವರೂ ಅವರೇ. ಭಗವತಿ, ಸುಖಮಯ್ ಚಕ್ರವರ್ತಿ, ಕೆ.ಎನ್. ರಾಜ್ ಹೀಗೆ ಪಟ್ಟಿ ಉದ್ದವಿದೆ. ಆ ಶಾಲೆಯನ್ನು 1949ರಲ್ಲಿ ಕಟ್ಟಿದವರು ವಿ.ಕೆ.ಆರ್.ವಿ. ರಾವ್. ಕೇಂಬ್ರಿಜ್‌ನಲ್ಲಿ ಓದಿ ಬಂದು ಭಾರತದ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿದವರು, ಆಮೇಲೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆಯನ್ನು ಹುಟ್ಟುಹಾಕಿದವರು. ಇದು ನನಗೆ ಆಗಲೂ ಗೊತ್ತಿತ್ತು. ಆದರೂ ರಾಜ್ಯೋತ್ಸವದ ಭಾಷಣದಲ್ಲಿ ‘ನಮ್ಮ ಕಡೆಯವರಿಗೆ ದೆಹಲಿಯಲ್ಲಿ ಜಾಗವಿಲ್ಲ’ ಎಂದಾಗ ರಾವ್ ಅವರ ಹೆಸರನ್ನು ಎತ್ತಲೇ ಇಲ್ಲ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಅವರು ಬಚ್ಚಿಟ್ಟಿರಲಿಲ್ಲ. ಆಗ ಪರೀಕ್ಷೆಯನ್ನು ಅರ್ಥಶಾಸ್ತ್ರ ವಿಭಾಗವೇ ನಡೆಸುತ್ತಿತ್ತು, ಹಿಂದಿನ ವರ್ಷಗಳ ಪತ್ರಿಕೆಗಳು ವಿಭಾಗದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತಿದ್ದವು. ಪರೀಕ್ಷೆಗೆ ಇನ್ನೂ ತಿಂಗಳುಗಳಿರುವಾಗಲೇ ಸೈಬರ್ ಸೆಂಟರಿನಲ್ಲಿ ಕೂತು ಒಂದನ್ನು ತೆರೆದೆ. ಸೂಚನೆಗಳಿದ್ದ ಪುಟ ಅರ್ಥವಾಯಿತು. ಮುಂದಿನ ಪುಟದಲ್ಲಿ ಫಂಕ್ಷನ್ನು, ಲಿಮಿಟ್ಟು, ಡೆರಿವೇಟಿವ್. ಅದರ ಮುಂದಿನ ಪುಟದಲ್ಲಿ ಮ್ಯಾಟ್ರಿಕ್ಸು, ಸಂಭವನೀಯತೆ. ರಾಬಿನ್ಸ್ ಎಲ್ಲೂ ಇಲ್ಲ, ಐದು ಟೀಕೆ ಬರೆಯಿರಿ ಎಂದು ಯಾರೂ ಕೇಳಿಲ್ಲ. ಪ್ರಿಂಟ್ ತೆಗೆಸಲಿಲ್ಲ. ಬ್ರೌಸರ್ ಮುಚ್ಚಿ ಎದ್ದು ಬಂದೆ. ‘ಇದು ಯಾವುದೋ ಬೇರೆ ವರ್ಷದ್ದು, ಈ ಸಲ ಬೇರೆ ಥರ ಇರುತ್ತದೆ’ ಎಂದು ಒಂದು ವಾರ ಅಂದುಕೊಂಡೆ. ಆಮೇಲೆ ಇನ್ನೂ ಒಳ್ಳೆಯ ನೆವ ಸಿಕ್ಕಿತು.

ಆ ನೆವದ ಹೆಸರು ಆಲ್ಫ್ರೆಡ್ ಮಾರ್ಷಲ್. 1906ರಲ್ಲಿ ಅವರು ಬೌಲಿ ಎಂಬ ಸಂಖ್ಯಾಶಾಸ್ತ್ರಜ್ಞರಿಗೆ ಬರೆದ ಪತ್ರವೊಂದು ಪ್ರಸಿದ್ಧ. ಗಣಿತದಲ್ಲಿ ಲೆಕ್ಕ ಮಾಡಿ ಮುಗಿಸು, ಅದನ್ನು ಮಾತಿಗೆ ತಾ, ಬದುಕಿನಿಂದ ಉದಾಹರಣೆ ಕೊಡು, ಆಮೇಲೆ ಗಣಿತವನ್ನು ಸುಟ್ಟುಹಾಕು ಎಂಬ ಅರ್ಥದ ಸಲಹೆ ಅದರಲ್ಲಿದೆ. ಯಾವುದೋ ಪುಸ್ತಕದ ಅಡಿಟಿಪ್ಪಣಿಯಲ್ಲಿ ಅದನ್ನು ಓದಿದ ದಿನ ನಾನು ಹಿಗ್ಗಿದ್ದು ಅಷ್ಟಿಷ್ಟಲ್ಲ. ಗಣಿತವನ್ನು ಸುಡಬೇಕು ಎಂದು ಸ್ವತಃ ಮಾರ್ಷಲ್ ಹೇಳಿದ್ದಾರೆ! ಸುಡುವುದಕ್ಕೆ ಮೊದಲು ಮಾಡಬೇಕು ಎಂದೂ ಅದೇ ಪತ್ರದಲ್ಲಿತ್ತು. ಮಾರ್ಷಲ್ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1865ರಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಎರಡನೆಯವರಾಗಿ ಬಂದಿದ್ದವರು. ಅವರ ಹತ್ತಿರ ಸುಡಲು ಗಣಿತವಿತ್ತು. ನನ್ನ ಹತ್ತಿರ ಬೆಂಕಿಪೊಟ್ಟಣ ಮಾತ್ರ.

ಅಮರ್ತ್ಯ ಸೇನರನ್ನೂ ನಾನು ಹೀಗೇ ಅರ್ಧ ಓದಿದ್ದೆ. ಕ್ಷಾಮ, ಹಸಿವು, ಬಡವರ ಪರ ಎಂಬಷ್ಟು ನನಗೆ ಸಾಕಾಗಿತ್ತು. ಬಡವರ ಅರ್ಥಶಾಸ್ತ್ರಕ್ಕೆ ಮಾತು ಬೇಕು, ಸಾಹುಕಾರರ ಅರ್ಥಶಾಸ್ತ್ರಕ್ಕೆ ಲೆಕ್ಕ ಬೇಕು ಎಂದು ನನ್ನೊಳಗೆ ಒಂದು ವಿಂಗಡಣೆ ಕೂತುಬಿಟ್ಟಿತ್ತು. ಆದರೆ 1943ರ ಬಂಗಾಳದ ಕ್ಷಾಮ ಆಹಾರದ ಕೊರತೆಯಿಂದ ಬಂದದ್ದಲ್ಲ ಎಂದು ಸೇನ್ 1981ರ ಪುಸ್ತಕದಲ್ಲಿ ತೋರಿಸಿದ್ದು ಕಣ್ಣೀರಿನಿಂದಲ್ಲ. ಹಿಂದಿನ ಐದು ವರ್ಷಗಳ ಸರಾಸರಿಗೆ ಹೋಲಿಸಿದರೆ ಆ ವರ್ಷ ಧಾನ್ಯದ ಲಭ್ಯತೆ ಶೇ. 5ರಷ್ಟು ಮಾತ್ರ ಕಡಿಮೆ, ಕ್ಷಾಮವೇ ಇಲ್ಲದ 1941ಕ್ಕಿಂತ ಶೇ. 13ರಷ್ಟು ಹೆಚ್ಚು ಎಂಬ ಅಂಕಿ ಇಟ್ಟು ತೋರಿಸಿದ್ದು. 1970ರಲ್ಲಿ ಪ್ರಕಟವಾದ ಅವರ ‘ಕಲೆಕ್ಟಿವ್ ಚಾಯ್ಸ್ ಅಂಡ್ ಸೋಷಿಯಲ್ ವೆಲ್ಫೇರ್’ ಪುಸ್ತಕದಲ್ಲಿ ಒಂದು ಅಧ್ಯಾಯ ಮಾತಿನಲ್ಲಿದ್ದರೆ ಅದರ ಜೋಡಿ ಅಧ್ಯಾಯ, ನಕ್ಷತ್ರದ ಗುರುತು ಹೊತ್ತು, ಪೂರಾ ಗಣಿತದಲ್ಲಿದೆ. ಒಂದೇ ವಾದವನ್ನು ಎರಡು ಬಗೆಯಲ್ಲಿ ಹೇಳಿದ ಮನುಷ್ಯ. ಆ ಪುಸ್ತಕ ನನ್ನ ಕೈಗೆ ಬಂದದ್ದು ಬಹಳ ತಡವಾಗಿ. ಬಂದಾಗಲೂ ಮೊದಮೊದಲು ನಕ್ಷತ್ರದ ಅಧ್ಯಾಯಗಳನ್ನು ಹಾರಿಸಿಕೊಂಡೇ ಓದಿದೆ.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಕರ್ನಾಟಕ ಎಕ್ಸ್‌ಪ್ರೆಸ್, ಬಿಸಿಗಾಳಿ, ವಿಶ್ವವಿದ್ಯಾಲಯ ಮೆಟ್ರೊ ನಿಲ್ದಾಣ, ಆ ಕೆಂಪು ಕಟ್ಟಡಗಳು ಇವೆಲ್ಲ ಊರಿಗೆ ಬಂದು ಬಣ್ಣಿಸಲು ಚೆನ್ನಾಗಿದ್ದವು, ಇಲ್ಲಿ ಬೇಡ. ಮೂರು ಗಂಟೆಯ ಅವಧಿ, 60 ಪ್ರಶ್ನೆ, ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವಂಥವು. ಮೊದಲ 20ಕ್ಕೆ ತಲಾ ಒಂದು ಅಂಕ, ಉಳಿದ 40ಕ್ಕೆ ತಲಾ ಎರಡು. ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಗೊತ್ತಿಲ್ಲದಿದ್ದರೂ ಗುರುತು ಹಾಕುತ್ತಾ ಹೋದರೆ ಒಂದಷ್ಟಾದರೂ ಬಂದೀತು ಎಂದು ಹಾಕುತ್ತಾ ಹೋದೆ. ಕಣ್ಣುಮುಚ್ಚಿ ಹಾಕಿದರೆ ನಾಲ್ಕರಲ್ಲಿ ಒಂದು ಸಲ ಪೂರಾ ಅಂಕ ಬರುತ್ತದೆ, ಮೂರು ಸಲ ಮೂರನೇ ಒಂದರಂತೆ ಹೋಗುತ್ತದೆ, ಅಂದರೆ ಸರಾಸರಿ ಸೊನ್ನೆ. ಹಾಗಾಗಲೆಂದೇ ಆ ಮೂರನೇ ಒಂದು ಭಾಗವನ್ನು ಇಟ್ಟಿದ್ದರು. ಪತ್ರಿಕೆಯ ನಿಯಮದಲ್ಲೇ ಸಂಭವನೀಯತೆಯ ಮೊದಲ ಪಾಠವಿತ್ತು. ನಾನು ಅದನ್ನೂ ಓದಲಾರದೆ ಹೋದೆ.

ಪ್ರಶ್ನೆಗಳ ಮಾತು ಮಾತು ನೆನಪಿಲ್ಲ, ಜಾತಿ ನೆನಪಿದೆ. ಒಬ್ಬ ಗ್ರಾಹಕ ಎರಡು ಸರಕುಗಳನ್ನು ಯಾವಾಗಲೂ ಜೋಡಿಯಾಗಿಯೇ ಬಳಸುತ್ತಾನೆ, ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಅನ್ನಿ. ಒಂದರ ಬೆಲೆ ಇಳಿದರೆ ಬದಲಿ ಪರಿಣಾಮ ಎಷ್ಟು? ಬೆಲೆ ಪರಿಣಾಮವೆಂದರೆ ಆದಾಯ ಪರಿಣಾಮ ಮತ್ತು ಬದಲಿ ಪರಿಣಾಮದ ಮೊತ್ತ ಎಂಬುದು ನನಗೆ ನಿದ್ದೆಯಲ್ಲೂ ಬರುತ್ತಿತ್ತು, ಹಿಕ್ಸ್ ಮತ್ತು ಸ್ಲಟ್‌ಸ್ಕಿ ನಡುವಿನ ವ್ಯತ್ಯಾಸದ ಮೇಲೆ ಹತ್ತು ಅಂಕದ ಉತ್ತರ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡವನು ನಾನು. ಆದರೆ ನನ್ನ ತಲೆಯಲ್ಲಿದ್ದ ಔದಾಸೀನ್ಯ ರೇಖೆ ಒಂದೇ ಥರ ಬಾಗುತ್ತಿತ್ತು. ಇಲ್ಲಿಯ ರೇಖೆಗೆ ಮೂಲೆ ಇತ್ತು. ಎಡಗಾಲಿನ ಚಪ್ಪಲಿ ಅಗ್ಗವಾಯಿತೆಂದು ಯಾರೂ ಬಲಗಾಲಿನದರ ಬದಲಿಗೆ ಅದನ್ನು ಹಾಕಿಕೊಳ್ಳುವುದಿಲ್ಲ, ಆದ್ದರಿಂದ ಬದಲಿ ಪರಿಣಾಮ ಸೊನ್ನೆ. ಇದನ್ನು ಹೇಳಲು ಕ್ಯಾಲ್ಕುಲಸ್ ಕೂಡ ಬೇಡ, ವ್ಯಾಖ್ಯೆಯನ್ನು ಒಮ್ಮೆಯಾದರೂ ಬಿಚ್ಚಿ ನೋಡಿರಬೇಕು. ನಾನು ಬಿಚ್ಚಿರಲಿಲ್ಲ, ಬಾಯಿಪಾಠ ಮಾಡಿದ್ದೆ.

ಇನ್ನೊಂದು ಹರಾಜಿನ ಪ್ರಶ್ನೆ. ಎಲ್ಲರೂ ಗುಟ್ಟಾಗಿ ದರ ಬರೆದುಕೊಡುತ್ತಾರೆ. ಹೆಚ್ಚು ಬರೆದವನಿಗೆ ಮಾಲು. ಆದರೆ ಅವನು ಕೊಡಬೇಕಾದದ್ದು ತಾನು ಬರೆದ ದರವನ್ನಲ್ಲ, ಎರಡನೆಯವನು ಬರೆದ ದರವನ್ನು. ಹಾಗಾದರೆ ಎಷ್ಟು ಬರೆಯುವುದು ಲಾಭ? ನಾನು ಶಿರಸಿ ಸೀಮೆಯವನು. ಅಡಿಕೆ ಟೆಂಡರು ನೋಡುತ್ತಲೇ ಬೆಳೆದವನು. ರಾಶಿ, ಚಾಲಿ, ಬೆಟ್ಟೆ ಎಂದು ಲಾಟುಗಳನ್ನು ಸಾಲಾಗಿಟ್ಟಿರುತ್ತಿದ್ದರು, ವ್ಯಾಪಾರಿಗಳು ಬೊಗಸೆಯಲ್ಲಿ ಎತ್ತಿ ನೋಡಿ, ಒಂದೆರಡನ್ನು ಒಡೆದು ನೋಡಿ, ಚೀಟಿಯಲ್ಲಿ ದರ ಬರೆಯುತ್ತಿದ್ದರು. ಗುಟ್ಟಿನ ದರ ಎಂದರೇನು, ಯಾರು ಯಾಕೆ ಎಷ್ಟು ಬರೆಯುತ್ತಾರೆ ಎಂಬುದು ಆ ಪರೀಕ್ಷಾ ಕೊಠಡಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿದ್ದಿರಲಾರದು. ನಾನು ಆ ಪ್ರಶ್ನೆಯನ್ನು ಪೂರ್ತಿ ಓದಲೇ ಇಲ್ಲ. ಎನ್, ವಿ, ಐ ಎಂದು ಮೂರು ಅಕ್ಷರ ಕಂಡದ್ದೇ ಪುಟ ತಿರುಗಿಸಿದೆ.

ಹೊರಗೆ ಬಂದಾಗ ಮರದಡಿ ಗುಂಪು ಸೇರಿತ್ತು. ಅಲ್ಲಿ ಬಿಹಾರದ ಹುಡುಗನೊಬ್ಬ ಸಿಕ್ಕಿದ. ಅವನ ಇಂಗ್ಲಿಷ್ ನನ್ನದಕ್ಕಿಂತ ತೊಡಕಿನದು, ಓದಿದ್ದು ಹಿಂದಿ ಮಾಧ್ಯಮದಲ್ಲಿ. ಬಿ.ಎ. ಮುಗಿಸಿ ಒಂದು ವರ್ಷ ಊರಿನಲ್ಲೇ ಕೂತು, ಬಿ.ಎಸ್ಸಿ. ಓದುತ್ತಿದ್ದ ಗೆಳೆಯನ ಹತ್ತಿರ ಗಣಿತ ಹೇಳಿಸಿಕೊಂಡನಂತೆ. ಹಾಲ್ ಟಿಕೆಟ್ಟಿನ ಬೆನ್ನಿಗೆ ಪೆನ್ನಿನಲ್ಲಿ ಆ ಮೂಲೆಯ ರೇಖೆ ಬಿಡಿಸಿ, ಉತ್ತರ ಸೊನ್ನೆ ಯಾಕೆಂದು ನನಗೆ ವಿವರಿಸಿದ. ಅರ್ಥವಾಯಿತು. ಅಂದರೆ ನನ್ನ ಸೋಲಿನ ಸರಿಯಾದ ಕಾರಣ ಪರೀಕ್ಷೆ ಮುಗಿದ ಅರ್ಧ ಗಂಟೆಯಲ್ಲೇ ನನ್ನ ಕೈಗೆ ಬಂದಿತ್ತು. ಊರು ಮುಟ್ಟುವಷ್ಟರಲ್ಲಿ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದೆ. ಫಲಿತಾಂಶದ ಪಟ್ಟಿಯಲ್ಲಿ ನನ್ನ ನಂಬರು ಇರಲಿಲ್ಲ. ಆಯಿ ದೇವರ ಮುಂದೆ ಇಟ್ಟಿದ್ದ ತೆಂಗಿನಕಾಯಿಯನ್ನು ಮಾತಾಡದೆ ಅಡುಗೆಮನೆಗೆ ತೆಗೆದುಕೊಂಡು ಹೋದಳು. ‘ಇಂಗ್ಲಿಷ್ ಮೀಡಿಯಂನವರಿಗೇ ಮಾಡಿಟ್ಟ ಪರೀಕ್ಷೆ ಅದು’ ಎಂದೆ. ಅಪ್ಪಯ್ಯ ನಂಬಿದ.

ಆಮೇಲೆ ಎಲ್ಲರಂತೆ ಇಲ್ಲೇ ಎಂ.ಎ., ಕೆ-ಸೆಟ್, ಅತಿಥಿ ಉಪನ್ಯಾಸಕನಾಗಿ ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜು. ಇಷ್ಟರಲ್ಲೇ ಕಥೆ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಒಬ್ಬ ಪರೀಕ್ಷೆಯಲ್ಲಿ ಸೋತ, ಒಂದು ಸುಳ್ಳು ಹೇಳಿಕೊಂಡ, ಯಾರಿಗೇನು ನಷ್ಟ?

2018ರಲ್ಲಿ ಅಂತಿಮ ಬಿ.ಎ.ಯ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. ಮಾತು ಕಡಿಮೆ, ಹಿಂದಿನ ಬೆಂಚು, ಇಂಟರ್ನಲ್ಸ್‌ನಲ್ಲಿ ಚುಟುಕಾಗಿ ಬರೆದು ಮೇಷ್ಟ್ರುಗಳಿಂದ ‘ವಿವರಣೆ ಸಾಲದು’ ಎನ್ನಿಸಿಕೊಳ್ಳುತ್ತಿದ್ದವಳು. ‘ಸರ್, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅಂತ ಇದೆಯಂತೆ, ಅಲ್ಲಿಗೆ ಎಂಟ್ರೆನ್ಸ್ ಬರೀಬೋದಾ?’ ಎಂದು ಕೇಳಿದಳು. ನಾನು ಕುರ್ಚಿ ಹಿಂದಕ್ಕೆ ಸರಿಸಿ, ಅಭ್ಯಾಸವಾಗಿದ್ದ ಭಾಷಣವನ್ನು ಪೂರ್ತಿ ಮಾಡಿದೆ. ನಾನೇ ಹೋಗಿ ಬರೆದು ಬಂದವನು, ಅಲ್ಲಿ ನಮ್ಮಂಥವರಿಗೆ ಆಗುವುದಿಲ್ಲ, ಅವರ ಇಂಗ್ಲಿಷೇ ಬೇರೆ, ಒಂದು ವರ್ಷ ಹಾಳು ಮಾಡಿಕೊಳ್ಳಬೇಡಮ್ಮ, ಎಸ್‌ಡಿಎ, ಎಫ್‌ಡಿಎ ಪರೀಕ್ಷೆ ಕಟ್ಟು, ಬ್ಯಾಂಕ್ ನೋಡು. ‘ಆಯ್ತು ಸರ್’ ಎಂದು ಹೋದಳು. ಅವಳನ್ನು ನಾನು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಿನಗೆ ಏನು ಬರುತ್ತದೆ ಎಂದು ಕೇಳಲಿಲ್ಲ, ಪಿಯುಸಿ ಏನು ಓದಿದೆ ಎಂದು ಕೇಳಲಿಲ್ಲ, ಆ ಹೆಸರು ಎಲ್ಲಿ ಕೇಳಿದೆ ಎಂದೂ ಕೇಳಲಿಲ್ಲ.

ಕೆಲವು ವರ್ಷ ಕಳೆದು ನ್ಯಾಕ್ ತಂಡ ಬರುವ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳ ವಿವರ ಜೋಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಧೂಳು ಹಿಡಿದ ಪ್ರವೇಶದ ಫೈಲುಗಳಲ್ಲಿ ಅವಳದೂ ಇತ್ತು. ಪಿಯುಸಿ ಅಂಕಪಟ್ಟಿಯ ಝೆರಾಕ್ಸ್: ವಿಜ್ಞಾನ ವಿಭಾಗ, ಗಣಿತ ನೂರಕ್ಕೆ 96. ಮನೆಯ ಅಡಚಣೆಯಿಂದಲೋ ಏನೋ ಎಂಜಿನಿಯರಿಂಗ್ ಬಿಟ್ಟು ಊರ ಹತ್ತಿರದ ಬಿ.ಎ. ಸೇರಿದ್ದಳು. ಚುಟುಕಾಗಿ ಬರೆಯುತ್ತಿದ್ದಳು ಎಂದೆನಲ್ಲ, ಅದು ಗಣಿತದವರ ಚಾಳಿ. ನಾವು ಅದಕ್ಕೆ ಅಂಕ ಕಳೆಯುತ್ತಿದ್ದೆವು. ಆ ಪರೀಕ್ಷೆ ಬೇಡುತ್ತಿದ್ದ, ನನ್ನಲ್ಲಿ ಇಲ್ಲದ ಒಂದೇ ಒಂದು ವಸ್ತು ಅವಳ ಹತ್ತಿರ ಇತ್ತು. ಇಂಗ್ಲಿಷ್ ಬಾರದವರಿಗೆ ಅಲ್ಲಿ ಜಾಗವಿಲ್ಲ ಎಂಬ ನನ್ನ ಸುಳ್ಳನ್ನು ಆ ಸುಳ್ಳಿನಿಂದ ಏನೂ ಗಿಟ್ಟದ ಒಬ್ಬಳು ನಂಬಿದ್ದಳು.

ಸ್ವಲ್ಪ ದಿನಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಸರ್ಕಾರಿ ಕಚೇರಿಯೊಂದರಲ್ಲಿ ಎಸ್‌ಡಿಎ. ‘ಸರ್, ನೀವು ಅವತ್ತು ಸರಿಯಾಗೇ ಹೇಳಿದ್ರಿ, ಇಲ್ಲಾಂದ್ರೆ ಸುಮ್ನೆ ಒಂದು ವರ್ಷ ಹೋಗ್ತಿತ್ತು’ ಎಂದಳು. ಅವಳು ಬೈದಿದ್ದರೆ ಉತ್ತರ ಹುಡುಕಬಹುದಿತ್ತು. ಉಪಕಾರ ನೆನೆದರೆ ಏನು ಹೇಳುವುದು? ‘ಹ್ಞೂಂ, ಹ್ಞೂಂ’ ಎಂದು ಬಸ್ಸು ಹತ್ತಿಬಿಟ್ಟೆ.

ಆ ವಾರ ನಾನು 2013ರ ಪತ್ರಿಕೆಯನ್ನು, ಅದರ ಆಚೀಚಿನ ವರ್ಷಗಳದ್ದನ್ನೂ ಹುಡುಕಿ ತೆಗೆದು ಪ್ರಿಂಟ್ ಹಾಕಿಸಿದೆ. ಹರಾಜಿನ ಪ್ರಶ್ನೆಯನ್ನು ಈ ಸಲ ಪೂರ್ತಿ ಓದಿದೆ. ಅಕ್ಷರಗಳನ್ನು ತೆಗೆದು ಅಡಿಕೆ ಹಾಕಿಕೊಂಡೆ. ಒಂದು ಲಾಟು ನನ್ನ ಲೆಕ್ಕದಲ್ಲಿ ಕ್ವಿಂಟಲಿಗೆ 45,000 ಬಾಳುತ್ತದೆ ಅನ್ನಿ. ನಾನು 45,000 ಬರೆದೆ, ಎರಡನೆಯವನು 43,000 ಬರೆದಿದ್ದ, ನಾನು ಕೊಡುವುದು 43,000. ಉಳಿಸೋಣವೆಂದು 44,000 ಬರೆದಿದ್ದರೂ ಕೊಡುವುದು ಅದೇ 43,000. ಆದರೆ ಅವನು 44,500 ಬರೆದಿದ್ದರೆ ಮಾಲು ಕೈತಪ್ಪಿ 500ರ ಲಾಭ ಹೋಗುತ್ತಿತ್ತು. ದುರಾಸೆಗೆ 46,000 ಬರೆದರೆ, ಅವನು 45,500 ಬರೆದಿದ್ದಾಗ ಮಾಲು ನನ್ನ ತಲೆಗೆ ಬಿದ್ದು 500 ನಷ್ಟ. ಆದ್ದರಿಂದ ಮನಸ್ಸಿನಲ್ಲಿರುವ ದರವನ್ನೇ ಬರೆಯುವುದು ಲಾಭ. ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದ್ದು ಇದನ್ನೇ. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಗಿ ಮೂರೇ ದಿನಕ್ಕೆ ತೀರಿಕೊಂಡರು. ಒಂದು ಸಂಜೆಯಲ್ಲಿ ಬಿಡಿಸಬಹುದಾದ ಪ್ರಶ್ನೆ.

ಅಪ್ಪಯ್ಯನಿಗೆ ಇದನ್ನು ವಿವರಿಸಿದೆ. ನಮ್ಮ ಟೆಂಡರಿನಲ್ಲಿ ಬರೆದವನು ತಾನು ಬರೆದದ್ದನ್ನೇ ಕೊಡಬೇಕು, ಹಾಗಾಗಿ ಯಾರೂ ಮನಸ್ಸಿನ ದರ ಬರೆಯುವುದಿಲ್ಲ, ಇಳಿಸಿಯೇ ಬರೆಯುತ್ತಾರೆ ಎಂದೆ. ಅದು ಅವನಿಗೆ ಹೊಸದೇನಲ್ಲ. ಎರಡನೇ ದರದ ಪದ್ಧತಿ ಕೇಳಿ ಮಾತ್ರ ಅವನ ಮುಖ ಬಿಗಿಯಿತು. ‘ತಮಾ, ಎರಡನೇ ದರಕ್ಕೇ ಕೊಡದಾದ್ರೆ ಬೆಳೆದವಂಗೆ ಲುಕ್ಸಾನಲ್ದನಾ?’

ನನಗೆ ಉತ್ತರ ಗೊತ್ತಿರಲಿಲ್ಲ. ಅದು ಬರೀ ಅನುಮಾನವಲ್ಲ, ವಿಕ್ರಿಯ ಮುಂದೆಯೂ ಇದ್ದ ಪ್ರಶ್ನೆ ಎಂದು ಓದುತ್ತಾ ಹೋದಾಗ ತಿಳಿಯಿತು. ಉತ್ತರಕ್ಕೆ ಇಂಟಿಗ್ರೇಷನ್ ಬೇಕಿತ್ತು. ಪಕ್ಕದ ಪಿಯು ಕಾಲೇಜಿನ ಗಣಿತದ ಮೇಡಂ ಹತ್ತಿರ ಪಠ್ಯಪುಸ್ತಕ ಇಸಿದುಕೊಂಡು, ಅನುಮಾನ ಬಂದಲ್ಲಿ ನಾಚಿಕೆ ಬಿಟ್ಟು ಕೇಳಿ, ಮಕ್ಕಳು ಮಾಡುವ ಲೆಕ್ಕಗಳನ್ನೇ ಮಾಡತೊಡಗಿದೆ. ಮೊದಲಿಗೆ ಕೈ ನಡುಗುತ್ತಿತ್ತು ಎಂದೆಲ್ಲ ಬರೆಯಬಹುದು. ನಿಜ ಹೇಳಬೇಕೆಂದರೆ ಅದು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಬೇಕಾದಷ್ಟು ಬಂತು. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಬೆಟ್ಟವೆಂದು ಹೆದರಿ ನಿಂತದ್ದು ಬೆಟ್ಟವೇ ಆಗಿದ್ದರೆ ಸಮಾಧಾನವಿರುತ್ತಿತ್ತು.

ಅಪ್ಪಯ್ಯನಿಗೆ ಕೊಟ್ಟ ಉತ್ತರ ಹೀಗಿದೆ: ಇಬ್ಬರೇ ವ್ಯಾಪಾರಿಗಳು, ಒಬ್ಬೊಬ್ಬರ ಮನಸ್ಸಿನ ದರವೂ ಸೊನ್ನೆಯಿಂದ ನೂರರೊಳಗೆ ಎಲ್ಲಿ ಬೇಕಾದರೂ ಸಮಾನ ಸಂಭವದಲ್ಲಿರಬಹುದು ಎಂದು ಇಟ್ಟುಕೊಂಡರೆ, ನಮ್ಮ ಪದ್ಧತಿಯಲ್ಲಿ ಒಬ್ಬೊಬ್ಬನೂ ಮನಸ್ಸಿನ ದರದ ಅರ್ಧ ಬರೆಯುತ್ತಾನೆ, ಎರಡನೇ ದರದ ಪದ್ಧತಿಯಲ್ಲಿ ಪೂರ್ತಿ ಬರೆಯುತ್ತಾನೆ, ಬೆಳೆದವನಿಗೆ ಎರಡರಲ್ಲೂ ಸರಾಸರಿ ಸಿಗುವುದು 33 ಚಿಲ್ಲರೆ. ಲುಕ್ಸಾನೂ ಇಲ್ಲ, ಲಾಭವೂ ಇಲ್ಲ. ಷರತ್ತು: ವ್ಯಾಪಾರಿಗಳು ಒಬ್ಬರಿಗೊಬ್ಬರು ಮಾತಾಡಿಕೊಂಡಿರಬಾರದು. ಷರತ್ತು ಕೇಳಿ ಅಪ್ಪಯ್ಯ ನಕ್ಕ. ಆ ನಗೆಯ ಬಗ್ಗೆಯೂ ಅರ್ಥಶಾಸ್ತ್ರದಲ್ಲಿ ದೊಡ್ಡ ಸಾಹಿತ್ಯವೇ ಇದೆ.

ಇಷ್ಟು ವರ್ಷ ಇಂಗ್ಲಿಷ್ ಇಂಗ್ಲಿಷ್ ಎಂದು ಕೂಗುತ್ತಾ ನಾನು ನಿಜವಾದ ಅನ್ಯಾಯದ ಕಡೆ ಒಂದು ಬೆರಳೂ ತೋರಿಸಲಿಲ್ಲ. ಹದಿನಾರು ವರ್ಷದ ಮಕ್ಕಳ ಮುಂದೆ ಕೌಂಟರಿನಲ್ಲಿ ಇಡುವ ಆ ಕಾಂಬಿನೇಷನ್ ಪಟ್ಟಿ ನೋಡಿ. ಅರ್ಥಶಾಸ್ತ್ರ ಇರುವುದು ಇತಿಹಾಸ, ರಾಜ್ಯಶಾಸ್ತ್ರದ ಜೊತೆಗೆ, ಇಲ್ಲವೆ ಲೆಕ್ಕಶಾಸ್ತ್ರದ ಜೊತೆಗೆ. ಗಣಿತ ಹೆಚ್ಚಾಗಿ ಇರುವುದು ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ. ಎರಡನ್ನೂ ಒಟ್ಟಿಗೆ ಓದಬಹುದಾದ ಪದವಿ ಕಾಲೇಜುಗಳು ದೊಡ್ಡ ಊರುಗಳಲ್ಲಿವೆ, ನಮ್ಮಂಥ ತಾಲ್ಲೂಕುಗಳಲ್ಲಿ ಹುಡುಕಬೇಕು. 2021ರಲ್ಲಿ ನಮ್ಮ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದಾಗ ವಿಷಯ ಬೆರೆಸಬಹುದು ಎಂದರು, 2024ರಲ್ಲಿ ಅದೂ ಹೋಯಿತು. ಇದ್ದಾಗಲೂ ನಮ್ಮಲ್ಲಿ ಟೈಮ್‌ಟೇಬಲ್ ಹೊಂದಲಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಇದನ್ನು ಹೇಳಿದ್ದರೆ ಚಪ್ಪಾಳೆ ಬೀಳುತ್ತಿರಲಿಲ್ಲ, ಆದರೆ ಎದುರಿಗಿದ್ದ ಪ್ರಾಂಶುಪಾಲರು, ಶಾಸಕರು ಮಾಡಬಹುದಾದ ಒಂದಾದರೂ ಕೆಲಸವಿತ್ತು. ತಪ್ಪನ್ನು ಇಂಗ್ಲಿಷಿನ ಮೇಲೆ ಹಾಕಿದ್ದರಿಂದ ಯಾರೂ ಏನೂ ಮಾಡಬೇಕಾಗಿ ಬರಲಿಲ್ಲ, ನನ್ನನ್ನೂ ಸೇರಿಸಿ.

ಕೊನೆಗೆ ಅವಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆ ಪರೀಕ್ಷೆಯಲ್ಲಿ ಇಂಗ್ಲಿಷ್ ದೊಡ್ಡ ವಿಷಯವೇ ಆಗಿರಲಿಲ್ಲ, ಗಣಿತ ಬರುವವರಿಗೆ ಅದು ಸಾಧ್ಯವಿತ್ತು, ನಿನ್ನ ಅಂಕಪಟ್ಟಿ ನಾನು ನೋಡಿರಲಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಕ್ಕೆ ಏಜ್ ಲಿಮಿಟ್ ಇದೆಯಾ ಸರ್?’ ಎಂದು ಕೇಳಿದಳು. ಈಗ ಪ್ರವೇಶ ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪರೀಕ್ಷೆಯ ಮೂಲಕ, ಅದನ್ನು ಬರೆಯಲು ವಯೋಮಿತಿ ಇಲ್ಲ ಎಂದೆ. ನೌಕರಿ, ಮನೆ, ಮಗು ಇರುವವಳು ಅದನ್ನು ಏನು ಮಾಡುತ್ತಾಳೋ ಅವಳಿಗೆ ಬಿಟ್ಟದ್ದು.

ಬಿ.ಎ. ತರಗತಿಗೆ ಅರ್ಥಶಾಸ್ತ್ರ ಹೇಳುವ ನನ್ನಂಥವರು ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ಬೇಡಿಕೆ. ಈ ವರ್ಷದ ಪ್ರವೇಶದ ಫೈಲುಗಳನ್ನು ಒಮ್ಮೆ ತರಿಸಿಕೊಂಡು, ಎಸ್ಸೆಸ್ಸೆಲ್ಸಿಯಲ್ಲಿ, ಪಿಯುಸಿಯಲ್ಲಿ ಗಣಿತದಲ್ಲಿ ಚೆನ್ನಾಗಿ ಅಂಕ ಬಂದವರು ಯಾರಿದ್ದಾರೆ ನೋಡಿ. ಡಿ-ಸ್ಕೂಲಿನ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ (ಐಎಸ್ಐ) ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿವೆ. ಮೊದಲ ವರ್ಷದಲ್ಲೇ ಒಂದು ಪ್ರತಿ ಅವರ ಕೈಗೆ ಕೊಡಿ, ಮೂರನೇ ವರ್ಷದವರೆಗೆ ಕಾಯಬೇಡಿ.